ಓದುಗರ ಪ್ರಶ್ನೆ: ಯಾವುದಕ್ಕೆ ಯಾವ ಸೆಲ್?

ಕಳೆದ ಸಂಚಿಕೆಯಲ್ಲಿ ಮಿಕ್ಸಿ ರಿಪೇರಿ ಬಗ್ಗೆ ಬರೆಯುತ್ತಾ, ಕೊನೆಗೆ ಒಂದು ಸಾಲು ಸೇರಿಸಿದ್ದೆ. ಗೋಡೆ ಗಡಿಯಾರಕ್ಕೆ ದುಬಾರಿ ಸೆಲ್ ಬೇಡ ಅಂತ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಇಡೀ ಮಿಕ್ಸಿ ಲೇಖನಕ್ಕೂ ಬರಲಿಲ್ಲ! ಅದಕ್ಕೇ ಈ ಸಲ ಪೂರ್ತಿ ಸೆಲ್‌ ವಿಷಯವೇ.

ಹೊಸ ಓದುಗರಿಗೆ ಒಂದು ಮಾತು. ನಾನು ಶಿವಮೊಗ್ಗದ ಒಂದು ಕಾಲೇಜಿನ ಭೌತಶಾಸ್ತ್ರ ಲ್ಯಾಬ್‌ನಲ್ಲಿ 31 ವರ್ಷ ಸಹಾಯಕಿಯಾಗಿದ್ದವಳು. ಪ್ರಾಕ್ಟಿಕಲ್ಸ್ ಶುರುವಾಗುವ ಮೊದಲು ಒಂದೊಂದು ಸೆಲ್ಲನ್ನೂ ಮೀಟರ್ ಹಿಡಿದು ನೋಡಿ ಮೇಜಿಗೆ ಇಡುವುದು ನನ್ನ ಕೆಲಸವಾಗಿತ್ತು. ಆ ಅಭ್ಯಾಸ ಈಗಲೂ ಬಿಟ್ಟಿಲ್ಲ. ನಮ್ಮ ಮನೆಯ ಪ್ರತಿ ಸೆಲ್ ಮೇಲೂ ಹಾಕಿದ ತಾರೀಖು ಪೆನ್ನಿನಲ್ಲಿ ಬರೆದಿರುತ್ತೇನೆ.

ನಮ್ಮ ಮನೆಯಲ್ಲಿ ಮೂರು ಗೋಡೆ ಗಡಿಯಾರ, ಎರಡು ರಿಮೋಟ್, ಒಂದು ಗ್ಯಾಸ್ ಗೀಸರ್, ಮೊಮ್ಮಗನ ಓಡುವ ಕಾರು ಇವೆ. ಸೆಲ್‌ಗೇ ತಿಂಗಳಿಗೆ ನೂರು ರೂಪಾಯಿ ಮೇಲೆ ಹೋಗುತ್ತದೆ. ಅಂಗಡಿಯವರು "ದುಬಾರಿಯದೇ ತಗೊಳ್ಳಿ, ಬಾಳಿಕೆ ಬರುತ್ತೆ" ಅಂತಾರೆ. ನಿಜವಾ?
– ಗೃಹಿಣಿ, ಕೊಪ್ಪ

ಕಾರಿಗೆ ನಿಜ, ಗಡಿಯಾರಕ್ಕೆ ಅಲ್ಲ.

ಅಂಗಡಿಯಲ್ಲಿ ಸಿಗುವ ಪೆನ್ಸಿಲ್ ಸೆಲ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಸಾದಾ ಸೆಲ್, ಅಂದರೆ ಜಿಂಕ್-ಕಾರ್ಬನ್. ಇನ್ನೊಂದು ಆಲ್ಕಲೈನ್. ಹೊದಿಕೆಯ ಬಣ್ಣ, ಜಾಹೀರಾತು ನೋಡಿ ಗುರುತು ಹಿಡಿಯಲು ಹೋಗಬೇಡಿ. ಸೆಲ್ ಮೈಮೇಲೆ ಸಣ್ಣಕ್ಷರದಲ್ಲಿ ಒಂದು ಸಂಕೇತ ಇರುತ್ತದೆ. 'ಆರ್6' ಅಂತಿದ್ದರೆ ಸಾದಾ, 'ಎಲ್‌ಆರ್6' ಅಂತಿದ್ದರೆ ಆಲ್ಕಲೈನ್. ಸಣ್ಣ ರಿಮೋಟ್ ಸೆಲ್‌ಗೆ 'ಆರ್03' ಮತ್ತು 'ಎಲ್‌ಆರ್03'. ಗೀಸರಿನ ದೊಡ್ಡ ಸೆಲ್‌ಗೆ 'ಆರ್20' ಮತ್ತು 'ಎಲ್‌ಆರ್20'. ಮುಂದೆ 'ಎಲ್' ಇದೆಯಾ ಇಲ್ಲವಾ ಅಷ್ಟು ನೋಡಿದರೆ ಸಾಕು.

ನಮ್ಮ ಬೀದಿಯ ಅಂಗಡಿಯಲ್ಲಿ ಕಳೆದ ವಾರ ನಾನು ಸಾದಾ ಪೆನ್ಸಿಲ್ ಸೆಲ್‌ಗೆ 15 ರೂಪಾಯಿ ಕೊಟ್ಟೆ, ಆಲ್ಕಲೈನ್‌ಗೆ 40. ಅಂದರೆ ಎರಡೂವರೆ ಪಟ್ಟಿಗಿಂತ ಜಾಸ್ತಿ. ಪಕ್ಕದ ಮನೆ ಹುಡುಗನ ಕಾರಿಗೆ ಎರಡನ್ನೂ ಹಾಕಿ, ಗಡಿಯಾರ ಹಿಡಿದುಕೊಂಡು ಕೂತೆ. ಸಾದಾ ಸೆಲ್‌ನಲ್ಲಿ 40 ನಿಮಿಷಕ್ಕೆ ಕಾರು ತೆವಳತೊಡಗಿತು. ಆಲ್ಕಲೈನ್‌ನಲ್ಲಿ ಮೂರೂವರೆ ಗಂಟೆ ಓಡಿತು. ದುಡ್ಡು ಎರಡೂವರೆ ಪಟ್ಟು, ಓಟ ಐದು ಪಟ್ಟು. ಮೋಟರ್ ಇರುವ ವಸ್ತು ಒಂದೇ ಸಲಕ್ಕೆ ತುಂಬಾ ಕರೆಂಟ್ ಎಳೆಯುತ್ತದೆ. ಹಾಗೆ ಎಳೆದರೆ ಸಾದಾ ಸೆಲ್ ಬೇಗ ಸೋತು ಹೋಗುತ್ತದೆ. ಒಳಗೆ ಶಕ್ತಿ ಉಳಿದಿದ್ದರೂ ಕೊಡಲು ಆಗುವುದಿಲ್ಲ.

ಗಡಿಯಾರದ ಕಥೆ ಬೇರೆ. ಅದು ಸೆಕೆಂಡಿಗೊಮ್ಮೆ ಒಂದು ಗುಟುಕು ಕುಡಿದು ಸುಮ್ನೆ ಇರುತ್ತದೆ. ನಮ್ಮ ಹಾಲ್‌ನ ಗಡಿಯಾರಕ್ಕೆ ಹಾಕಿದ ಸಾದಾ ಸೆಲ್ ಹೋದ ಸಲ 14 ತಿಂಗಳು ಬಂತು. 15 ರೂಪಾಯಿಗೆ 14 ತಿಂಗಳು! ಅಲ್ಲಿಗೆ 40 ರೂಪಾಯಿಯದು ಯಾಕೆ? ರಿಮೋಟ್‌ಗೂ ಇದೇ ಮಾತು.

ಗೀಸರ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಮಲೆನಾಡಿನಲ್ಲಿ ಮನೆಮನೆಗೂ ಗ್ಯಾಸ್ ಗೀಸರ್ ಇದೆ, ಮಳೆಗಾಲದಲ್ಲಿ ಮನೆಮನೆಗೂ ಇದೇ ಗೋಳು. ಹೋದ ಜುಲೈನಲ್ಲಿ ನಮ್ಮದು ಟಕ್ ಟಕ್ ಅನ್ನುವುದನ್ನೇ ನಿಲ್ಲಿಸಿತು. ನಮ್ಮ ಯಜಮಾನರು ಮಳೆಯಲ್ಲೇ ಹೋಗಿ ಎರಡು ಹೊಸ ದೊಡ್ಡ ಸೆಲ್ ತಂದರು. ಹಾಕಿದರೂ ಕಿಡಿ ಇಲ್ಲ. ಟಾರ್ಚ್ ಹಿಡಿದು ಕೆಳಗಿನ ಸೆಲ್ ಡಬ್ಬಿ ಒಳಗೆ ನೋಡಿದೆ. ಸ್ಪ್ರಿಂಗಿನ ತುದಿಯಲ್ಲಿ ಹಸಿರು ಬಣ್ಣದ ಹಿಟ್ಟು, ತಾಮ್ರದ ಚೊಂಬಿಗೆ ಹಿಡಿಯುವ ಕಿಲುಬಿನ ಹಾಗೆ. ಸಿಲಿಂಡರ್ ಬಂದ್ ಮಾಡಿ, ಹಳೇ ಟೂತ್ ಬ್ರಷ್‌ನಿಂದ ಉಜ್ಜಿ, ನಯವಾದ ಮರಳು ಕಾಗದವನ್ನು ಬೆರಳಷ್ಟು ಅಗಲ ಹರಿದು ಸ್ಪ್ರಿಂಗಿನ ತುದಿ ಹೊಳೆಯುವವರೆಗೆ ತಿಕ್ಕಿದೆ. ಆಮೇಲೆ ಹೊಸದಲ್ಲ, ತೆಗೆದಿಟ್ಟ ಹಳೇ ಸೆಲ್ಲನ್ನೇ ಹಾಕಿದೆ. ಟಕ್ ಟಕ್ ಅಂತು! ಅದೇ ಸೆಲ್ ದೀಪಾವಳಿಯವರೆಗೂ ಬಂತು. ಆದ್ದರಿಂದ ಗೀಸರ್ ಹೊತ್ತಿಕೊಳ್ಳದಿದ್ದರೆ ಮೊದಲು ಸ್ಪ್ರಿಂಗ್ ನೋಡಿ, ಆಮೇಲೆ ಅಂಗಡಿಗೆ ಹೋಗಿ. ನಿಮ್ಮ ಗೀಸರ್ ಬಚ್ಚಲ ಒಳಗೇ ಇದೆಯಾ? ಹಾಗಿದ್ದರೆ ದಯವಿಟ್ಟು ಅದನ್ನು ಹೊರಗಿನ ಗೋಡೆಗೆ ಹಾಕಿಸಿ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಜೀವ ಹೋಗುತ್ತದೆ. ಸೆಲ್ ಪ್ರಶ್ನೆಗೆ ಇದು ಉತ್ತರವಲ್ಲ ಅಂತ ಗೊತ್ತು, ಆದರೂ ಹೇಳದೆ ಇರಲಾರೆ.

ಮೊಬೈಲ್‌ಗೆ ಬರುವ ಸಲಹೆಗಳಲ್ಲಿ ಯಾವುದನ್ನು ನಂಬಬೇಕು? ಸೆಲ್ಲನ್ನು ಫ್ರಿಜ್‌ನಲ್ಲಿಡಿ, ಬಿಸಿಲಿಗಿಡಿ, ನೆಲಕ್ಕೆ ಬೀಳಿಸಿ ಪುಟಿದರೆ ಸತ್ತಿದೆ ಎಂದು ತಿಳಿಯಿರಿ, ಸಣ್ಣ ಸೆಲ್‌ಗೆ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಹಾಳೆ ತುರುಕಿ ದೊಡ್ಡದರ ಜಾಗಕ್ಕೆ ಹಾಕಿ... ಒಂದೊಂದನ್ನೂ ಪರೀಕ್ಷಿಸಿ ಹೇಳಿ.
– ನಿವೃತ್ತ ಶಿಕ್ಷಕರು, ಗದಗ

ಮೇಷ್ಟ್ರೇ, ಒಂದೊಂದಾಗಿ ನೋಡೋಣ.

ಫ್ರಿಜ್ ಬೇಡ. ಆಲ್ಕಲೈನ್ ಸೆಲ್ ಸುಮ್ನೆ ಇಟ್ಟರೆ ವರ್ಷಕ್ಕೆ ನೂರಕ್ಕೆ ಎರಡು ಮೂರು ಪಾಲು ಮಾತ್ರ ಕಳೆದುಕೊಳ್ಳುತ್ತದೆ. ಅಷ್ಟನ್ನು ಉಳಿಸಲು ಹೋಗಿ ಫ್ರಿಜ್‌ನ ತೇವ ಹಿಡಿಸಿಕೊಂಡರೆ ತುದಿಗೆ ತುಕ್ಕು. ಆದರೆ ನಿಮ್ಮ ಗದಗದ ಏಪ್ರಿಲ್ ಬಿಸಿಲು ನನಗೆ ಗೊತ್ತು. ಶಾಖಕ್ಕೆ ಸೆಲ್ ಬೇಗ ಇಳಿಯುವುದು ನಿಜ. ಒಲೆ ಮೇಲಿನ ಶೆಲ್ಫು, ಪಶ್ಚಿಮದ ಕಿಟಕಿ ಬಿಟ್ಟು ಕಪಾಟಿನ ಕೆಳಗಿನ ಖಾನೆಯಲ್ಲಿ ಇಡಿ, ಸಾಕು. ಕೀ ಗೊಂಚಲು, ಚಿಲ್ಲರೆ ಜೊತೆ ಇಡಬೇಡಿ.

ಬಿಸಿಲಿನ ಸಲಹೆ ಓದಿ ನನಗೆ ನಮ್ಮ ಅಪ್ಪಯ್ಯನ ನೆನಪಾಯಿತು. ಹೊಸನಗರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಬ್ಯಾಟ್ರಿ ಅಂದರೆ ಟಾರ್ಚು, ಒಳಗೆ ಹಾಕುವುದು ಶೆಲ್ಲು. ರೇಡಿಯೊ ದನಿ ಇಳಿದಾಗ ಅಪ್ಪಯ್ಯ ನಾಲ್ಕೂ ಶೆಲ್ಲು ತೆಗೆದು ಅಡಿಕೆ ಒಣಗಿಸುವ ಚಾಪೆಯ ಮೂಲೆಗೆ ಇಡುತ್ತಿದ್ದರು. ಮಧ್ಯಾಹ್ನ ಮೂರಕ್ಕೆ ಎತ್ತಿ ಒರೆಸಿ ಹಾಕಿದರೆ ಭದ್ರಾವತಿ ಆಕಾಶವಾಣಿ ಮತ್ತೆ ಮಾತಾಡುತ್ತಿತ್ತು! ಎರಡು ದಿನ, ಹೆಚ್ಚೆಂದರೆ ಮೂರು. ಅದು ಮೂಢನಂಬಿಕೆ ಅಲ್ಲ. ಬಿಸಿಯಾದಾಗ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ, ಜೊತೆಗೆ ಸೆಲ್‌ಗೆ ವಿಶ್ರಾಂತಿ ಸಿಕ್ಕಿ ಅಷ್ಟಿಷ್ಟು ಚೇತರಿಸಿಕೊಳ್ಳುತ್ತದೆ. ಆದರೆ ಹೊಸ ಶಕ್ತಿಯೇನೂ ಒಳಗೆ ಬರುವುದಿಲ್ಲ. ಸಾದಾ ಸೆಲ್‌ನ ಹೊರಗಿನ ಡಬ್ಬಿಯೇ ಸತು. ಅದೇ ಕರಗಿ ಕರೆಂಟ್ ಆಗುವುದು. ಹಳೇ ಸೆಲ್ ಅಂದರೆ ಗೋಡೆ ತೆಳುವಾದ ಡಬ್ಬಿ. ಅದನ್ನು ಕಾಯಿಸಿದರೆ ಸೋರುತ್ತದೆ. ನಮ್ಮ ರೇಡಿಯೊದ ಸೆಲ್ ಗೂಡು ಹಾಳಾಗಿದ್ದು ಹೀಗೆಯೇ. ಆಗ ಬೇರೆ ದಾರಿ ಇರಲಿಲ್ಲ, ಪೇಟೆ ದೂರ, ದುಡ್ಡು ಕಡಿಮೆ. ಈಗ ಬೇಡ. ಬಿಸಿನೀರಲ್ಲಿ ಕುದಿಸುವುದು, ಬೆಂಕಿ ಹತ್ತಿರ ಇಡುವುದು, ರೀಚಾರ್ಜ್ ಅಲ್ಲದ ಸೆಲ್ಲನ್ನು ಚಾರ್ಜರ್‌ಗೆ ಹಾಕುವುದು ಇವಂತೂ ಅಪಾಯ. ಒಡೆದು ಕಣ್ಣಿಗೆ ಹಾರಬಹುದು.

ಪುಟಿಯುವ ಪರೀಕ್ಷೆಗೆ ಒಂದು ಆಧಾರ ಇದೆ. 2015ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಇದನ್ನು ಅಳೆದು ನೋಡಿದರು. ಆಲ್ಕಲೈನ್ ಸೆಲ್‌ನ ಒಳಗಿರುವ ಸತುವಿನ ಪುಡಿ ಹೊಸದಿದ್ದಾಗ ಮೆತ್ತಗಿರುತ್ತದೆ, ಬಿದ್ದ ಪೆಟ್ಟನ್ನು ನುಂಗುತ್ತದೆ. ಬಳಸಿದಂತೆ ಅದು ಸತುವಿನ ಆಕ್ಸೈಡ್ ಆಗಿ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತದೆ, ಆಗ ಪುಟಿಯುತ್ತದೆ. ಆದರೆ ಸೆಲ್ ಅರ್ಧ ಖಾಲಿಯಾಗುವ ಹೊತ್ತಿಗೇ ಪುಟಿತ ಪೂರ್ತಿ ಹೆಚ್ಚಿಬಿಟ್ಟಿರುತ್ತದೆ, ಆಮೇಲೆ ಏರುವುದಿಲ್ಲ. ಅಂದರೆ ಪುಟಿದರೆ ಹೊಸದಲ್ಲ ಅನ್ನಬಹುದು, ಸತ್ತಿದೆ ಅನ್ನುವಂತಿಲ್ಲ. ಪುಟಿಯಿತು ಅಂತ ಬಿಸಾಡಿದರೆ ಅರ್ಧ ಸೆಲ್ ಬಿಸಾಡಿದ ಹಾಗೆ. ಇನ್ನು ಸಾದಾ ಸೆಲ್‌ನಲ್ಲಿ ಸತು ಪುಡಿಯಾಗಿ ಒಳಗಿಲ್ಲ, ಡಬ್ಬಿಯಾಗಿ ಹೊರಗಿದೆ. ಅದಕ್ಕೆ ಈ ಪರೀಕ್ಷೆ ಹೊಂದುವುದಿಲ್ಲ.

ಹಾಳೆ ತುರುಕುವುದು ಒಂದು ರಾತ್ರಿಯ ಮಟ್ಟಿಗೆ ನಡೆಯುತ್ತದೆ, ಯಾಕೆಂದರೆ ಎರಡೂ ಸೆಲ್ 1.5 ವೋಲ್ಟೇ. ಆದರೆ ಹಾಳೆ ಜಾರಿ ಎರಡು ತುದಿ ಸೇರಿಸಿದರೆ ಸೆಲ್ ಕೈಸುಡುವಷ್ಟು ಕಾಯುತ್ತದೆ. ಮಕ್ಕಳ ವಸ್ತುವಿನಲ್ಲಿ ಮಾಡಲೇಬೇಡಿ.

ಹಾಗಾದರೆ ಸೆಲ್ ಸತ್ತಿದೆಯಾ ಅಂತ ತಿಳಿಯುವುದು ಹೇಗೆ? ಮುನ್ನೂರು ರೂಪಾಯಿ ಒಳಗೆ ಸಾಧಾರಣ ಮಲ್ಟಿಮೀಟರ್ ಸಿಗುತ್ತದೆ. ಬರೀ ಮೀಟರ್ ಮುಟ್ಟಿಸಿದರೆ ಸೋತ ಸೆಲ್ ಕೂಡ 1.4 ವೋಲ್ಟ್ ತೋರಿಸಿ ಮೋಸ ಮಾಡುತ್ತದೆ. ಅದಕ್ಕೆ ಭಾರ ಕೊಡಬೇಕು, ಅಂದರೆ ಅದರಿಂದ ಕರೆಂಟ್ ಎಳೆಯುತ್ತಲೇ ಅಳೆಯಬೇಕು. ನಾನು 10 ಓಮ್‌ನ ಒಂದು ರೆಸಿಸ್ಟರ್‌ನ (ಕರೆಂಟ್ ತಡೆಯುವ ಪುಟ್ಟ ಬಿಡಿಭಾಗ) ಎರಡು ಕಾಲನ್ನು ಸೆಲ್‌ನ ಎರಡು ತುದಿಗೆ ಒತ್ತಿ ಹಿಡಿದು, ಅದೇ ಹೊತ್ತಿಗೆ ಮೀಟರ್ ಮುಟ್ಟಿಸಿ ಐದು ಸೆಕೆಂಡ್ ನೋಡುತ್ತೇನೆ. 1.3ಕ್ಕಿಂತ ಮೇಲೆ ನಿಂತರೆ ಚೆನ್ನಾಗಿದೆ. 1.1ರಿಂದ 1.3ರ ನಡುವೆ ಇದ್ದರೆ ಕಾರಿಗೆ ಆಗದು, ಗಡಿಯಾರಕ್ಕೆ, ರಿಮೋಟ್‌ಗೆ ಆಗುತ್ತದೆ. ಅದಕ್ಕಿಂತ ಕೆಳಗೆ ಬಿದ್ದರೆ ಮುಗಿಯಿತು.

ಹೋದ ತಿಂಗಳು ನಮ್ಮ ವಠಾರದ ನಾಲ್ಕು ಮನೆಯವರು ಬಿಸಾಡಲು ಇಟ್ಟಿದ್ದ ಸೆಲ್‌ಗಳನ್ನು ಕೇಳಿ ತಂದೆ. 23 ಇದ್ದವು. ಅಡುಗೆಮನೆ ಕಟ್ಟೆ ಮೇಲೆ ಹಳೇ ಪೇಪರ್ ಹಾಸಿ ಒಂದೊಂದನ್ನೇ ನೋಡಿದೆ. ಆರು ಸೆಲ್ 1.3ರ ಮೇಲೆ! ಇನ್ನು ಐದು ಗಡಿಯಾರಕ್ಕೆ ಸಾಕು. ಯಾಕೆ ಹೀಗೆ ಅಂದರೆ, ನಾಲ್ಕು ಸೆಲ್ ಹಾಕುವ ವಸ್ತುವಿನಲ್ಲಿ ಒಂದೇ ಒಂದು ಸೋತರೂ ವಸ್ತು ನಿಲ್ಲುತ್ತದೆ, ನಾವು ನಾಲ್ಕನ್ನೂ ಬಿಸಾಡುತ್ತೇವೆ. ನನಗೆ ಇದಕ್ಕಿಂತ ದೊಡ್ಡ ಉಳಿತಾಯದ ಸಲಹೆ ಗೊತ್ತಿಲ್ಲ. ಗಾತ್ರ ಒಂದೇ ಆಗಿದ್ದರೆ ಕಾರಿನಿಂದ ಇಳಿದ ಸೆಲ್ ರಿಮೋಟ್‌ಗೆ ಹೋಗಲಿ, ರಿಮೋಟ್‌ನದು ಗಡಿಯಾರಕ್ಕೆ. ಕಸಕ್ಕೆ ಹೋಗುವುದು ಆಮೇಲೆ. ಒಂದು ಎಚ್ಚರ: ಎರಡು ಮೂರು ಸೆಲ್ ಕೂಡಿ ಕೆಲಸ ಮಾಡುವ ಕಡೆ ಹಳೇದು ಹೊಸದು, ಸಾದಾ ಆಲ್ಕಲೈನ್ ಬೆರೆಸಬೇಡಿ. ಗಟ್ಟಿ ಸೆಲ್ ಸೋತದ್ದನ್ನು ಉಲ್ಟಾ ತಳ್ಳುತ್ತದೆ, ಸೋತದ್ದು ಸೋರುತ್ತದೆ. ಸೋತವನ್ನು ಒಂದೇ ಸೆಲ್‌ನ ಗಡಿಯಾರಕ್ಕೆ ಹಾಕಿ, ಇಲ್ಲವೇ ಮೀಟರ್‌ನಲ್ಲಿ ಒಂದೇ ಅಂಕಿ ತೋರಿಸುವ ಒಂದೇ ಜಾತಿಯ ಜೋಡಿ ಮಾಡಿಕೊಳ್ಳಿ.

ನಮ್ಮ ಭಜನಾ ಮಂಡಳಿಯ ಎರಡು ಕಾರ್ಡ್‌ಲೆಸ್ ಮೈಕ್‌ಗೆ ಪ್ರತಿ ಶನಿವಾರ ನಾಲ್ಕು ಹೊಸ ಆಲ್ಕಲೈನ್ ಸೆಲ್ ಹಾಕುತ್ತೇವೆ, ನಡುವೆ ನಿಂತರೆ ಅಂತ ಭಯ. ಆನ್‌ಲೈನ್‌ನಲ್ಲಿ ಚಾರ್ಜರ್ ಸಮೇತ ನಾಲ್ಕು ರೀಚಾರ್ಜ್ ಸೆಲ್, 4800 ಎಂಎಎಚ್, ಬರೀ 349 ರೂಪಾಯಿ. ತಗೊಳ್ಳಲಾ?
– ಪಿಯುಸಿ ವಿದ್ಯಾರ್ಥಿ, ಹಾಸನ

ಬೇಡ ತಮ್ಮಾ. ರೀಚಾರ್ಜ್ ಸೆಲ್ ನಿಮಗೆ ಹೇಳಿ ಮಾಡಿಸಿದ್ದು, ಆದರೆ ಇದು ಬೇಡ. ಎಂಎಎಚ್ ಅಂದರೆ ಸೆಲ್ ಒಳಗೆ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ. ಪೆನ್ಸಿಲ್ ಸೆಲ್ ಗಾತ್ರದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ನಲ್ಲಿ (ಇದು ರೀಚಾರ್ಜ್ ಸೆಲ್‌ನ ಜಾತಿ) ಇವತ್ತಿಗೂ 2700, 2800 ಎಂಎಎಚ್‌ಗಿಂತ ಜಾಸ್ತಿ ಹಿಡಿಸಲು ಆಗಿಲ್ಲ. 3000 ದಾಟಿದ ಅಂಕಿ ಕಂಡರೆ ಸುಳ್ಳು ಅಂತ ತಿಳಿ. ಕೆಲವರು ಎಂಎಎಚ್ ಬದಲು ಎಂಡಬ್ಲ್ಯುಎಚ್ ಅಂತ ದೊಡ್ಡ ಅಂಕಿ ಹಾಕುತ್ತಾರೆ, ಅದು ಬೇರೆ ಅಳತೆ. ಆ ಕೊನೆಯ ಅಕ್ಷರಗಳನ್ನು ಓದಿಯೇ ದುಡ್ಡು ಕೊಡು. ದೊಡ್ಡ ಸೆಲ್ ಗಾತ್ರದ ಅಗ್ಗದ ರೀಚಾರ್ಜ್ ಸೆಲ್‌ಗಳಲ್ಲಿ ಎಷ್ಟೋ ಸಲ ಒಳಗಿರುವುದು ಪೆನ್ಸಿಲ್ ಸೆಲ್ಲೇ, ಉಳಿದದ್ದು ಖಾಲಿ. ಕೈಯಲ್ಲಿ ಹಿಡಿದರೆ ಹಗುರ ಇರುತ್ತದೆ.

ನೀನು 2000 ಎಂಎಎಚ್ ಆಸುಪಾಸಿನ, 'ಲೋ ಸೆಲ್ಫ್ ಡಿಸ್ಚಾರ್ಜ್' ಅಂತ ಬರೆದಿರುವುದನ್ನು ತಗೋ. ಮಾಮೂಲಿ ರೀಚಾರ್ಜ್ ಸೆಲ್ ಸುಮ್ನೆ ಇಟ್ಟರೂ ತಿಂಗಳಲ್ಲಿ ಗಣನೀಯವಾಗಿ ಇಳಿಯುತ್ತದೆ, ಇದು ಇಳಿಯುವುದು ತುಂಬಾ ನಿಧಾನ. ನಾನು ನಾಲ್ಕಕ್ಕೆ ಸಾವಿರ ಕೊಟ್ಟೆ. ಚಾರ್ಜರ್ ಒಂದೊಂದು ಸೆಲ್ಲನ್ನೂ ಬೇರೆ ಬೇರೆ ನೋಡಿಕೊಂಡು, ತುಂಬಿದ ಮೇಲೆ ತಾನೇ ನಿಲ್ಲುವಂಥದ್ದಿರಲಿ. ಅದಕ್ಕೆ 800 ಆಯಿತು. ಒಟ್ಟು 1800. ನಿಮ್ಮ ಮಂಡಳಿಗೆ ಈಗ ಶನಿವಾರಕ್ಕೆ 160 ಖರ್ಚು ಅಂದರೆ ಹನ್ನೆರಡು ವಾರದಲ್ಲಿ ದುಡ್ಡು ವಾಪಸ್. ಅಲ್ಲಿಂದ ಮುಂದೆ ನೂರಾರು ಸಲ ಚಾರ್ಜ್ ಮಾಡಬಹುದು. ಕರೆಂಟ್ ಖರ್ಚು? ನಾಲ್ಕು ಸೆಲ್ ತುಂಬಲು ಚಾರ್ಜರ್ ತಿನ್ನುವುದೂ ಸೇರಿ 20 ವ್ಯಾಟ್-ಅವರ್ ಅಂತಿಟ್ಟುಕೊ. ಒಂದು ಯೂನಿಟ್ ಅಂದರೆ 1000 ವ್ಯಾಟ್-ಅವರ್, ಅದರಲ್ಲಿ 50 ಸಲ. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ಸಲಕ್ಕೆ 12 ಪೈಸೆ.

"ಅದು 1.2 ವೋಲ್ಟ್, ಮೈಕ್ ನಡೆಯಲ್ಲ" ಅಂತ ಯಾರಾದರೂ ಹೇಳುತ್ತಾರೆ. ಆಲ್ಕಲೈನ್ 1.5ರಲ್ಲಿ ಶುರುವಾಗಿ ಇಳಿಯುತ್ತಲೇ ಹೋಗುತ್ತದೆ, ಇದು 1.2ರ ಹತ್ತಿರ ಕೊನೆಯವರೆಗೂ ನಿಲ್ಲುತ್ತದೆ. ಹೆಚ್ಚಿನ ವಸ್ತುಗಳು ನಡೆಯುತ್ತವೆ. ಬ್ಯಾಟರಿ ಗುರುತು ಮಾತ್ರ ಮೊದಲಿಂದಲೇ ಕಡಿಮೆ ತೋರಿಸಬಹುದು. ಮೊದಲ ಸಲ ಮನೆಯಲ್ಲೇ ಎರಡು ಗಂಟೆ ಹಾಡಿ ನೋಡಿ. ಇಷ್ಟು ದಿನ ತೆಗೆದ ಅರೆಬಳಕೆಯ ಸೆಲ್ಲುಗಳನ್ನು ಏನು ಮಾಡಿದಿರಿ? ಇದ್ದರೆ ಮಂಡಳಿಯವರ ಮನೆಯ ಗಡಿಯಾರಗಳಿಗೆ ಹಂಚಿ.

ತಂದೆಯವರ ಬಿಪಿ ಮಿಷನ್‌ಗೆ ಸಾದಾ ಸೆಲ್ ಹಾಕಿದರೆ ನಾಲ್ಕು ದಿನಕ್ಕೆ ಗಾಳಿ ತುಂಬುವುದನ್ನೇ ನಿಲ್ಲಿಸುತ್ತದೆ. ಈಗ ಒಂದು ಸೆಲ್ ಸೋರಿ ಬಿಳಿ ಪುಡಿ ಕೂತಿದೆ. ವಿನೆಗರ್ ಹಾಕಿ ಅಂತಾರೆ, ಹಾಕಲಾ?
– ಓದುಗರು, ಕುಂದಾಪುರ

ಬಿಪಿ ಮಿಷನ್‌ನಲ್ಲಿ ಗಾಳಿ ತುಂಬುವುದು ಒಂದು ಪುಟ್ಟ ಮೋಟರ್, ಆಟದ ಕಾರಿನ ಹಾಗೆಯೇ. ಅದಕ್ಕೆ ಆಲ್ಕಲೈನೇ ಬೇಕು. ಇದಕ್ಕಿಂತ ಒಳ್ಳೆಯದು, ಮಿಷನ್ ಪಕ್ಕದಲ್ಲಿ ಅಡಾಪ್ಟರ್‌ನ ತೂತು ಇದೆಯಾ ನೋಡಿ. ಇದ್ದರೆ ಕೈಪಿಡಿಯಲ್ಲಿ ಹೇಳಿದ ಅಡಾಪ್ಟರ್ ಒಂದು ಸಲ ಕೊಂಡುಬಿಡಿ. ದಿನಾ ಎರಡು ಹೊತ್ತು ನೋಡುವವರಿಗೆ ಸೆಲ್ ಕರೆಂಟ್ ಹೋದಾಗ ಮಾತ್ರ ಸಾಕು. ಬ್ಯಾಟರಿ ಕಡಿಮೆ ಗುರುತು ಬಂದಾಗಿನ ಅಳತೆ ನೋಡಿ ಮಾತ್ರೆ ಹೆಚ್ಚು ಕಡಿಮೆ ಮಾಡಬೇಡಿ.

ವಿನೆಗರ್ ಎಲ್ಲದಕ್ಕೂ ಅಲ್ಲ. ಆಲ್ಕಲೈನ್‌ನಿಂದ ಸೋರುವುದು ಕ್ಷಾರ, ಅದಕ್ಕೆ ಹುಳಿ ಬೇಕು. ವಿನೆಗರ್ ಅಥವಾ ನಿಂಬೆರಸ ನಡೆಯುತ್ತದೆ. ಸಾದಾ ಸೆಲ್‌ನಿಂದ ಸೋರುವುದೇ ಹುಳಿ ಗುಣದ್ದು, ಅದಕ್ಕೆ ಅಡುಗೆ ಸೋಡಾ ನೀರಲ್ಲಿ ಕಲಸಿ ಹಚ್ಚಬೇಕು. ನಿಮ್ಮದು ಸಾದಾ, ಆದ್ದರಿಂದ ಸೋಡಾ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಸೆಲ್ ತೆಗೆಯಿರಿ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಅದ್ದಿ, ಹಿಂಡಿ, ತುದಿಗೆ ಮಾತ್ರ ಸವರಿ. ಒಳಗೆ ನೀರು ಇಳಿಯಬಾರದು. ಆಮೇಲೆ ಒದ್ದೆ ಕಡ್ಡಿಯಿಂದ ಒರೆಸಿ, ಒಂದು ರಾತ್ರಿ ಮುಚ್ಚಳ ತೆರೆದಿಟ್ಟು ಒಣಗಿಸಿ. ಕರಾವಳಿಯ ಹವೆಗೆ ತಿಂಗಳಾನುಗಟ್ಟಲೆ ಬಳಸದ ವಸ್ತುವಿನಿಂದ ಸೆಲ್ ತೆಗೆದಿಡುವುದೇ ಸರಿ.

ಅಗ್ಗಕ್ಕೆ ಎಲ್ಲಿ ಕೊಳ್ಳಲಿ? ಖಾಲಿ ಸೆಲ್ ಎಲ್ಲಿ ಹಾಕಲಿ?
– ಓದುಗರು, ಬೆಂಗಳೂರು

ಎಸ್.ಪಿ. ರಸ್ತೆಯಂಥ ಸಗಟು ಬೀದಿಯಲ್ಲಿ ಡಬ್ಬಿ ಲೆಕ್ಕದಲ್ಲಿ ಕೊಂಡರೆ ಎಂಆರ್‌ಪಿಗಿಂತ ಕಡಿಮೆಗೆ ಸಿಗುತ್ತದೆ. ಅಕ್ಕಪಕ್ಕದ ಮೂರು ನಾಲ್ಕು ಮನೆಯವರು ಸೇರಿ ಒಂದು ಡಬ್ಬಿ ತನ್ನಿ. ಮೇಲೆ ತಯಾರಾದ ತಿಂಗಳು, ವರ್ಷ ನೋಡಿ. ಸಾದಾ ಸೆಲ್ ಎರಡು ಮೂರು ವರ್ಷದಲ್ಲಿ ತಾನಾಗಿಯೇ ಸೊರಗುತ್ತದೆ, ಆದ್ದರಿಂದ ಒಂದು ವರ್ಷಕ್ಕೆ ಬೇಕಾದಷ್ಟೇ ಸಾಕು. ಹೆಸರಿನ ಒಂದಕ್ಷರ ಬದಲಿಸಿದ ನಕಲಿ ಸೆಲ್ ಕೈಯಲ್ಲಿ ಹಿಡಿದರೆ ಹಗುರ ಇರುತ್ತದೆ, ಬೇಡ.

ಖಾಲಿ ಸೆಲ್ ಹಸಿ ಕಸಕ್ಕೂ ಅಲ್ಲ, ಒಣ ಕಸಕ್ಕೂ ಅಲ್ಲ. ಬೇರೆ ಡಬ್ಬಿಯಲ್ಲಿ ಕೂಡಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮ ಬಂದ ಮೇಲೆ ಇಂಥ ಪುಟ್ಟ ಸೆಲ್‌ಗಳನ್ನೂ ವಾಪಸ್ ಸಂಗ್ರಹಿಸುವ ಹೊಣೆ ತಯಾರಕರ ಮೇಲಿದೆ. ಕಸದ ಡಬ್ಬಿಗೆ ಅಡ್ಡಗೀಟು ಹಾಕಿದ ಚಿತ್ರ ಸೆಲ್ ಮೇಲೆ ಇರುವುದು ಅದನ್ನು ಕಸಕ್ಕೆ ಹಾಕಬೇಡಿ ಅಂತ ಹೇಳಲಿಕ್ಕೇ. 9 ವೋಲ್ಟ್ ಬ್ಯಾಟರಿ ಮತ್ತು ಬಟನ್ ಸೆಲ್‌ನ ತುದಿಗೆ ಟೇಪ್ ಅಂಟಿಸಿ ಇಡಿ.

ಪುಟ್ಟ ರಿಮೋಟ್‌ನ ಬಟನ್ ಸೆಲ್ ಹತ್ತು ರೂಪಾಯಿಗೂ ಸಿಗುತ್ತದೆ, ಐವತ್ತಕ್ಕೂ ಸಿಗುತ್ತದೆ. ಯಾವುದು ತರಲಿ? ಮನೆಯಲ್ಲಿ ಒಂದೂವರೆ ವರ್ಷದ ಮಗು ಇದೆ.
– ತಾಯಿ, ಬೆಳಗಾವಿ

ಮೊದಲು ಮಗುವಿನ ಮಾತು, ತಾಯಿ. ಪುಟ್ಟ ರಿಮೋಟ್‌ಗಳಲ್ಲಿ ಸಾಮಾನ್ಯವಾಗಿ ಇರುವ ಸಿಆರ್2032 ಅಂದರೆ 20 ಮಿಲಿಮೀಟರ್ ಅಗಲದ, 3 ವೋಲ್ಟಿನ ಲಿಥಿಯಂ ಸೆಲ್. ಮಗು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡೇ ಗಂಟೆಯಲ್ಲಿ ಒಳಗೆ ಸುಡಬಹುದು. ಸೆಲ್ ಹಳೇದಾಗಿ ರಿಮೋಟ್ ನಡೆಸದಿದ್ದರೂ ಸುಡುವಷ್ಟು ಶಕ್ತಿ ಇರುತ್ತದೆ. ನುಂಗಿದೆ ಅನ್ನುವ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಬೇಡಿ, ಬೆಳಗಾಗಲಿ ಅಂತ ಕಾಯಬೇಡಿ. ಎಕ್ಸ್‌ರೇ ಇರುವ ಆಸ್ಪತ್ರೆಗೆ ಆಗಲೇ ಓಡಿ, "ಬಟನ್ ಸೆಲ್ ನುಂಗಿರಬಹುದು" ಅಂತ ಬಾಗಿಲಲ್ಲೇ ಹೇಳಿ.

ಬೆಲೆಯ ವಿಷಯಕ್ಕೆ ಬಂದರೆ, ಹೆಸರಿರುವ ಕಂಪನಿಯದೇ ತನ್ನಿ, ಮಕ್ಕಳು ಸುಲಭಕ್ಕೆ ಬಿಚ್ಚಲಾರದ ಗಟ್ಟಿ ಪ್ಯಾಕೆಟ್‌ನಲ್ಲಿ ಇರುವುದನ್ನು. ನಲವತ್ತು ರೂಪಾಯಿ ಇಲ್ಲಿ ಉಳಿಸಬೇಡಿ. ಸಂಖ್ಯೆ ಸರಿಯಾಗಿ ಹೊಂದಬೇಕು, 2032ರ ಜಾಗಕ್ಕೆ ತೆಳುವಾದ 2025 ಹಾಕಿದರೆ ಒಳಗೆ ಅಲುಗಾಡುತ್ತದೆ. ಆ ರಿಮೋಟ್‌ನ ಸೆಲ್ ತಟ್ಟೆ ಸ್ಕ್ರೂ ಇಲ್ಲದೆ ಬೆರಳಲ್ಲಿ ಎಳೆದರೆ ಬರುವಂಥದ್ದಾಗಿದ್ದರೆ ಈ ಪತ್ರಿಕೆ ಕೆಳಗಿಟ್ಟು ಈಗಲೇ ಅದರ ಮೇಲೆ ಗಟ್ಟಿ ಟೇಪ್ ಸುತ್ತಿ, ಮಗುವಿನ ಕೈಗೆ ಎಟುಕದ ಕಡೆ ಎತ್ತಿಡಿ.